ಒರೋಂಜೊ ಮೇಸ್ತ್ರಿಗೆ ಕಚ್ಚಿದ ಜೇಡ

ಜೇಡ ಕಚ್ಚಿ ಬಿದ್ದವರನ್ನು ಎಬ್ಬಿಸುವ ಶಕ್ತಿ ಈ ಭೂಮಂಡಲದಲ್ಲಿ ಮೂರಕ್ಕೇ ಇರುವುದು. ಒಂದು ಸಂತ ಪಾವ್ಲೊನ ಕೃಪೆ, ಎರಡು ಅವನ ಗುಡಿಯ ಬಾವಿಯ ನೀರು, ಮೂರು ಒರೋಂಜೊ ಮೇಸ್ತ್ರಿಯ ಪಿಟೀಲು! ಈ ಮಾತು ಹೇಳಿದವರು ಯಾರು ಎಂದು ಕೇಳುತ್ತೀರಾ? ಒರೋಂಜೊ ಮೇಸ್ತ್ರಿಯೇ. ಯಾರ ಮುಂದೆ ಹೇಳಿದ ಎಂದರೆ, ಮುಖಕ್ಕೆಲ್ಲ ಸಾಬೂನು ಬಳಿಸಿಕೊಂಡು, ಕುತ್ತಿಗೆಗೆ ಕತ್ತಿ ತಾಗಿಸಿಕೊಂಡು, ತುಟಿ ಬಿಚ್ಚಲಾಗದೆ ಕೂತ ಗಿರಾಕಿಗಳ ಮುಂದೆ. ಎದುರು ಮಾತಿಗೆ ದಾರಿಯೇ ಇರಲಿಲ್ಲ.

ಅವನು ತೊರ್ರೆಮುಲಾ ಊರಿನ ಕ್ಷೌರಿಕ. ನಮ್ಮ ಕಡೆ ಕತ್ತರಿ ಹಿಡಿದವನೇ ಪಿಟೀಲನ್ನೂ ಹಿಡಿಯುವುದು ಅಜ್ಜಂದಿರ ಕಾಲದಿಂದ ಬಂದ ರೂಢಿ. ಜೂನ್ ತಿಂಗಳಲ್ಲಿ ಗೋಧಿ ಕೊಯ್ಲು ಮುಗಿದು ಹೊಗೆಸೊಪ್ಪಿನ ಕೆಲಸ ಹತ್ತಿಕೊಂಡಾಗ, ಹೊಲದಲ್ಲಿ ಯಾವಳೋ ಒಬ್ಬಳಿಗೆ ಜೇಡ ಕಚ್ಚುತ್ತದೆ. ಅವಳು ಹಾಸಿಗೆ ಹಿಡಿಯುತ್ತಾಳೆ, ಉಣ್ಣುವುದಿಲ್ಲ, ಮಾತಾಡುವುದಿಲ್ಲ. ಡಾಕ್ಟರು ಬಂದು ಕೈ ತೊಳೆದುಕೊಂಡು ಹೋಗುತ್ತಾರೆ. ಆಗ ನೆಲಕ್ಕೆ ಬಿಳಿ ದುಪ್ಪಟಿ ಹಾಸಿ, ಪಿಟೀಲು, ಅಕಾರ್ಡಿಯನ್, ಗಿಲಿಕೆ ಕಟ್ಟಿದ ದಮ್ಮಡಿ ಮೂರನ್ನೂ ಕರೆಸಬೇಕು. ಒಂದೊಂದು ಜೇಡಕ್ಕೆ ಒಂದೊಂದು ಮಟ್ಟು. ಸರಿಯಾದ ಮಟ್ಟು ಸಿಕ್ಕಿತೋ, ಬಿದ್ದವಳ ಕಾಲಿನ ಹೆಬ್ಬೆರಳು ಅಲ್ಲಾಡುತ್ತದೆ. ಆಮೇಲೆ ಅವಳು ಎದ್ದು ಕುಣಿಯುತ್ತಾಳೆ, ವಿಷವೆಲ್ಲ ಬೆವರಾಗಿ ಇಳಿಯುವ ತನಕ. ಒರೋಂಜೊ ಹೀಗೆ ಮೂವತ್ತೊಂದು ಹೆಂಗಸರನ್ನು ಎಬ್ಬಿಸಿದ್ದ. ಅದು ಸುಳ್ಳಲ್ಲ.

ಆದರೆ ಆ ವರ್ಷ ಅವನ ಮೇಳದ ದಮ್ಮಡಿ ನಿಂತುಹೋಗಿತ್ತು. ಬಾರಿಸುತ್ತಿದ್ದ ಮುದುಕಿ ವಿಂಚೆನ್ಸಾ ಅತ್ತೆ ಈಸ್ಟರ್ ಮುಗಿದ ವಾರ ತೀರಿಕೊಂಡಿದ್ದಳು. ಸಾಯುವ ಮೊದಲು ತನ್ನ ದಮ್ಮಡಿಯನ್ನು ಒರೋಂಜೊನ ಹೆಂಡತಿ ಪಂತಲೇಯಾಳ ಕೈಗಿಟ್ಟು, "ಇದನ್ನ ಗೋಡೆಗೆ ನೇತುಹಾಕ್ಬೇಡ ಕಣೇ" ಎಂದಿದ್ದಳು. ಅದೀಗ ಅಡುಗೆಮನೆಯ ಗೋಡೆಯಲ್ಲಿ, ಬೆಳ್ಳುಳ್ಳಿ ಗೊಂಚಲಿನ ಪಕ್ಕ ನೇತಾಡುತ್ತಿತ್ತು. ಪಂತಲೇಯಾ ದಿನಕ್ಕೆ ಹತ್ತು ಸಲ ಅದನ್ನು ನೋಡುತ್ತಿದ್ದಳು. ಅವಳು ನೋಡುವುದನ್ನು ಒರೋಂಜೊ ನೋಡಿಯೂ ನೋಡದವನಂತೆ ಇರುತ್ತಿದ್ದ.

"ರೀ, ಜೂನ್ ಬಂತು. ದಮ್ಮಡಿಗೆ ಯಾರು?"

"ಯಾರೂ ಬೇಡ. ಈ ವರ್ಷ ಪಿಟೀಲು ಒಂದೇ!"

"ನಾನಿದೀನಲ್ಲ?"

"ನೀನಾ?" ಒರೋಂಜೊ ಮೀಸೆ ತಿರುವಿದ. "ಮಾರಾಯ್ತಿ, ದಮ್ಮಡಿ ಅಂದ್ರೆ ಹಿಟ್ಟಿನ ಜರಡಿ ಅಲ್ಲ!"

ಜರಡಿಯ ಮಾತು ಸುಮ್ಮನೆ ಬಂದದ್ದಲ್ಲ. ಪ್ರತಿ ಶನಿವಾರ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುವಾಗ ಪಂತಲೇಯಾಳ ಅಂಗೈ ಜರಡಿಯ ಅಂಚಿಗೆ ಬಿದ್ದರೆ ಅಕ್ಕಪಕ್ಕದ ಹೆಂಗಸರು ಕಸಗುಡಿಸುವುದು ಬಿಟ್ಟು ಕಾಲು ಕುಣಿಸುತ್ತಿದ್ದರು. ಒರೋಂಜೊ ಮಾತ್ರ ಒಳಗಿನ ಕೋಣೆಯಿಂದಲೇ, "ಅಲ್ಲೇನು ಹಿಟ್ಟು ಜರಡಿ ಹಿಡೀತಿದ್ದೀಯೋ, ಮದುವೆ ದಿಬ್ಬಣ ಹೊರಡಿಸ್ತಿದ್ದೀಯೋ!" ಎಂದು ಕೂಗುತ್ತಿದ್ದ. ಹದಿನೇಳು ವರ್ಷದಿಂದ ಶನಿವಾರಗಳು ಹೀಗೇ ಕಳೆದಿದ್ದವು.

"ನೋಡು, ಮಟ್ಟು ಹುಡುಕೋದು ಪಿಟೀಲು. ದಮ್ಮಡಿ ಹಿಂದೆ ನಿಂತು ಹೂಂಗುಟ್ಟುತ್ತೆ ಅಷ್ಟೇ."

"ಹೂಂಗುಟ್ಟೋಕೆ ನನಗಿಂತ ಅಭ್ಯಾಸ ಇರೋರು ಈ ಊರಲ್ಲಿ ಯಾರಿದಾರೆ ಹೇಳಿ? ಹದಿನೇಳು ವರ್ಷದಿಂದ ಅದನ್ನೇ ತಾನೇ ಮಾಡ್ತಿರೋದು!"

ಒರೋಂಜೊ ಶಪಥಕ್ಕೇ ಇಳಿದ. ಮರುದಿನ ಅಂಗಡಿಯಲ್ಲಿ ಊರ ಸಮಸ್ತರ ಮುಂದೆ ಘೋಷಿಸಿದ. "ಈ ಹಬ್ಬಕ್ಕೆ ಎಷ್ಟು ಜನ ಬೀಳ್ತಾರೋ ಬೀಳಲಿ! ದಮ್ಮಡಿಯ ಸದ್ದಿಲ್ಲದೆ, ಬರೀ ಪಿಟೀಲಿನಲ್ಲೇ ಎಬ್ಬಿಸ್ತೀನಿ. ಇಲ್ಲದಿದ್ರೆ ಈ ಮೀಸೆ ಬೋಳಿಸ್ಕೋತೀನಿ!" ಆಮೇಲೆ ಕೇಳದೆ ಇದ್ದದ್ದನ್ನೂ ಸೇರಿಸಿದ. "ಗಂಡಸರು ಹೆದರ್ಬೇಡಿ. ಜೇಡ ಗಂಡಸನ್ನ ಮೂಸೋದೂ ಇಲ್ಲ!"

ಹೀಗೇ ಜೂನ್ ಇಪ್ಪತ್ತೇಳು ಬಂತು. ಇನ್ನೆರಡು ದಿನಕ್ಕೆ ಸಂತ ಪಾವ್ಲೊನ ಹಬ್ಬ. ಹಬ್ಬಕ್ಕೆಂದು ಒರೋಂಜೊನ ಕಪ್ಪು ಪ್ಯಾಂಟನ್ನು ಪಂತಲೇಯಾ ಅಗಲ ಮಾಡುತ್ತಿದ್ದಳು. ಅದು ಮದುವೆಗೆ ಹೊಲಿಸಿದ ಪ್ಯಾಂಟು. ಪ್ಯಾಂಟು ಅಂದು ಇದ್ದ ಹಾಗೇ ಇತ್ತು, ಒಳಗಿನ ಮನುಷ್ಯ ಮಾತ್ರ ಹಾಗೆ ಇರಲಿಲ್ಲ. ಹಿಂಭಾಗಕ್ಕೆ ಎರಡು ಬೆರಳಗಲದ ಪಟ್ಟಿ ಸೇರಿಸಿ, ತನ್ನ ಅಮ್ಮ ಕೊಟ್ಟ ಸಣ್ಣ ಸೂಜಿಯಲ್ಲಿ ನವಿರಾಗಿ ಹೊಲಿಯುತ್ತಿದ್ದಳು.

"ಕೊಡು ಇಲ್ಲಿ! ಎಂಟು ಗಂಟೆಗೆ ದೊನ್ ಎಲಿಜಿಯೊ ಗಡ್ಡಕ್ಕೆ ಬರ್ತಾರೆ. ಪಾದ್ರಿಗಳ ಮುಂದೆ ಆ ಹಳೇ ಪ್ಯಾಂಟಲ್ಲಿ ನಿಲ್ಲಲಾ?"

"ಇನ್ನೊಂದು ಬೆರಳು ಉಳಿದಿದೆ ರೀ. ಒಂಚೂರು ತಾಳಿ, ಗಂಟು ಹಾಕಿ..."

"ನಿನ್ನ ಗಂಟು ನೀನೇ ಇಟ್ಕೋ!"

ಅವಳ ಮಡಿಲಿನಿಂದ ಪ್ಯಾಂಟನ್ನು ಕಿತ್ತುಕೊಂಡು, ಒಂದೇ ನೆಗೆತಕ್ಕೆ ಕಾಲು ತೂರಿಸಿ, ಬಾಗಿಲು ದಾಟಿಯೇಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಅಂಗಡಿಗೆ ಹೊಲದ ಮೇಲಿನ ಅಡ್ಡದಾರಿ ಹಿಡಿದ. ಬೂಟಿನೊಳಗೆ ಕಲ್ಲು ಸೇರಿತು. ಅದನ್ನು ಕೊಡವಲೆಂದು ದಾರಿ ಬದಿಯ ಕಲ್ಲುಗೋಡೆಯ ಮೇಲೆ ಗತ್ತಿನಿಂದ ಕುಳಿತ. ಕುಳಿತವನು ಕುಳಿತ ವೇಗದ ಇಮ್ಮಡಿ ವೇಗದಲ್ಲಿ ಎದ್ದ!

"ಅಯ್ಯಯ್ಯೋ!"

ಚುಚ್ಚಿತ್ತು. ಎಲ್ಲಿ ಎಂದು ಬಿಡಿಸಿ ಹೇಳುವ ಹಾಗಿಲ್ಲ, ಕೂರುವ ಕಡೆ ಎಂದರೆ ಸಾಕು. ತಿರುಗಿ ನೋಡಿದರೆ ಕಲ್ಲಿನ ಮೇಲೆ ಒಂದು ಕಂದು ಜೇಡ, ತನಗೂ ಈ ವ್ಯವಹಾರಕ್ಕೂ ಸಂಬಂಧವೇ ಇಲ್ಲ ಎಂಬಂತೆ ನಿಧಾನವಾಗಿ ಸಂದಿಯೊಳಗೆ ಇಳಿದುಹೋಯಿತು. ಪಾಪ, ಅದಕ್ಕೆ ನಿಜವಾಗಿಯೂ ಸಂಬಂಧ ಇರಲಿಲ್ಲ. ಆದರೆ ಅದನ್ನು ಒರೋಂಜೊನಿಗೆ ಹೇಳುವವರು ಯಾರು? ಮೂವತ್ತೊಂದು ರೋಗಿಗಳನ್ನು ಕಂಡ ಪಂಡಿತ ಅವನು! ಮೆಲ್ಲಗೆ ಇನ್ನೊಮ್ಮೆ ಕೂತು ನೋಡಿದ, ಚುಚ್ಚಿತು. ಎದ್ದ, ಏನೂ ಇಲ್ಲ. ಬಗ್ಗಿದ, ಚುಚ್ಚಿತು. "ಕೂರಗೊಡೋದಿಲ್ಲ, ಸುಮ್ನೆ ಇರಗೊಡೋದಿಲ್ಲ, ಅದೇ ವಿಷದ ಮೊದಲ ಲಕ್ಷಣ" ಎಂದು ಮನೆಮನೆಯಲ್ಲೂ ವಿವರಿಸಿದ್ದವನು ಅವನೇ.

ಒರೋಂಜೊನಿಗೆ ಬೆವರು ಕಿತ್ತುಕೊಂಡಿತು. ಮೂವತ್ತೊಂದು ಎಂದು ಊರಿಗೆ ಹೇಳುವಾಗ ಅವನು ಒಬ್ಬಳನ್ನು ಬಿಟ್ಟು ಎಣಿಸುತ್ತಿದ್ದ. ಅವಳು ಚೆಸಾರಿಯಾ. ಹನ್ನೊಂದು ವರ್ಷದ ಹಿಂದೆ ಮೂರು ದಿನ ಬಾರಿಸಿದರೂ ಅವಳ ಮಟ್ಟು ಸಿಕ್ಕಿರಲಿಲ್ಲ. ಈಗಲೂ ಅವಳು ತನ್ನ ಮನೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ. ಆ ಬೀದಿಯಲ್ಲಿ ಒರೋಂಜೊ ಹೋಗುವುದೇ ಇಲ್ಲ. ತನ್ನ ಮಟ್ಟೂ ಸಿಗದಿದ್ದರೆ? ಹುಡುಕಿ ಕೊಡಬೇಕಾದ ಪಿಟೀಲಿನವನೇ ಬಿದ್ದರೆ ಹುಡುಕುವವರು ಯಾರು? ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೆದರಿಕೆಯಾದರೂ ಮರ್ಯಾದೆ ಬಿಡಲಾದೀತೇ? ಅಂಗಡಿಗೆ ಹೋದ. ದೊನ್ ಎಲಿಜಿಯೊ ಆಗಲೇ ಕುರ್ಚಿಯಲ್ಲಿ ತುಂಬಿಕೊಂಡು ಕೂತು, ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿಕೊಂಡಿದ್ದರು. ಒರೋಂಜೊ ಸಾಬೂನು ಹಚ್ಚಿದ. ಬಲಗೆನ್ನೆ ನಿಂತೇ ಮುಗಿಸಿದ. ಎಡಗೆನ್ನೆಗೆ ಬಗ್ಗಲೇಬೇಕು. ಬಗ್ಗಿದ, ಟಕ್ಕನೆ ನೆಗೆದ. ಮತ್ತೆ ಬಗ್ಗಿದ, ಮತ್ತೆ ನೆಗೆದ.

"ಮೇಸ್ತ್ರಿ," ಪಾದ್ರಿಗಳು ಕಣ್ಣು ಬಿಡದೆಯೇ ಕೇಳಿದರು, "ನನ್ನ ಗಡ್ಡ ಮಾಡ್ತಿದ್ದೀಯೋ, ನನ್ನ ಸುತ್ತ ಪ್ರದಕ್ಷಿಣೆ ಹಾಕ್ತಿದ್ದೀಯೋ?"

"ಕಾಲಿಗೆ ಜೋಮು ಹಿಡಿದಿದೆ ಸ್ವಾಮಿ."

"ಜೋಮು ಹಿಡಿದ ಕಾಲು ಇಷ್ಟು ಮೇಲೆ ಬರುತ್ತಾ?"

ಕಿವಿಯ ಪಕ್ಕದ ಕೂದಲಿಗೆ ಕತ್ತಿ ಇಟ್ಟು ಅವನು ಕೊನೆಯದಾಗಿ ಬಗ್ಗಿದ. ಈ ಸಲ ಚುಚ್ಚಿದ್ದು ಹಿಂದಿನದೆಲ್ಲಕ್ಕೂ ಬಡ್ಡಿ ಸೇರಿಸಿದ ಹಾಗೆ ಚುಚ್ಚಿತು. ಒರೋಂಜೊ ಮೇಲಕ್ಕೆ, ಅವನ ಜತೆ ಕೈ ಮೇಲಕ್ಕೆ, ಕೈಯ ಜತೆ ಕತ್ತಿ ಮೇಲಕ್ಕೆ! ಒಂದು ಹನಿ ರಕ್ತ ಬರಲಿಲ್ಲ, ಅಂಥ ನಾಜೂಕಿನ ಕೈ. ಆದರೆ ದೊನ್ ಎಲಿಜಿಯೊ ಕನ್ನಡಿಗೆ ಮುಖ ಹತ್ತಿರ ತಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡರು.

"ಮೇಸ್ತ್ರಿ, ನನ್ನ ಎಡ ಹುಬ್ಬೆಲ್ಲಿ?"

"ಇದೆ ಸ್ವಾಮಿ."

"ಎಲ್ಲಿದೆ?"

"ನನ್ನ ಕತ್ತಿ ಮೇಲೆ."

ಪಾದ್ರಿಗಳು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಒರೋಂಜೊ ಸುಸ್ತಾಗಿ ಪಕ್ಕದ ಸ್ಟೂಲಿನ ಮೇಲೆ ಕೂತು, ಕೂತ ಕ್ಷಣವೇ ಚೀರಿ ಎದ್ದು ನಿಂತ. ದೊನ್ ಎಲಿಜಿಯೊ ಮೂವತ್ತು ವರ್ಷದಿಂದ ಈ ಊರಲ್ಲಿದ್ದವರು. ಬೈಗುಳ ನುಂಗಿಕೊಂಡು ಶಿಲುಬೆಯ ಗುರುತು ಮಾಡಿದರು.

"ಅಯ್ಯೋ ಮಗನೇ, ನಿನಗೆ ಕಚ್ಚಿದೆ!"

ಕರವಸ್ತ್ರದಿಂದ ಹುಬ್ಬು ಮುಚ್ಚಿಕೊಂಡು ಅವರು ಬೀದಿಗಿಳಿದರು. ದಾರಿಯಲ್ಲಿ ಕೇಳಿದವರಿಗೆಲ್ಲ ಹುಬ್ಬಿನ ಕಾರಣ ಹೇಳಲೇಬೇಕಾಯಿತು. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಗೊತ್ತಿಲ್ಲದೆ ಉಳಿದವಳು ಪಂತಲೇಯಾ ಒಬ್ಬಳೇ, ಏಕೆಂದರೆ ಅವಳು ಬೆಳಗಿನಿಂದ ನೆಲದ ಮೇಲೆ ಮೊಣಕಾಲೂರಿ ಏನನ್ನೋ ಹುಡುಕುತ್ತಿದ್ದಳು.

ಒರೋಂಜೊ ಊಟಕ್ಕೆ ಬಂದ. ಅವರೆಬೇಳೆಯ ಗೊಜ್ಜು, ಕಹಿಸೊಪ್ಪಿನ ಪಲ್ಯ. ತಟ್ಟೆಯನ್ನು ಕೈಯಲ್ಲಿ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡತೊಡಗಿದ.

"ರೀ, ನನ್ನ ಸಣ್ಣ ಸೂಜಿ ಕಂಡಿರಾ?"

"ಇಲ್ಲ."

"ಬೆಳಿಗ್ಗೆ ಕೈಯಲ್ಲೇ ಇತ್ತು. ಅಮ್ಮ ಕೊಟ್ಟ ಸೂಜಿ ರೀ."

"ಸೂಜಿ ವಿಷಯ ಬಿಡು ಕಣೇ!"

"ಸರಿ, ಕೂತ್ಕೊಂಡಾದ್ರೂ ಉಣ್ಣಿ. ಪ್ಯಾಂಟು ಬಿಗಿ ಆಯ್ತಾ?"

"ಪ್ಯಾಂಟಿಗೆ ಏನಾಗಿದೆ? ಪ್ಯಾಂಟಿನದು ಏನೂ ತಪ್ಪಿಲ್ಲ!" ಅವನು ತಟ್ಟೆ ಕೆಳಗಿಟ್ಟ. "ಪಂತಲೇಯಾ, ನನಗೆ ಕಚ್ಚಿದೆ."

ಮೊದಲು ಅವಳಿಗೆ ನಗು ಬಂತು. ಜೇಡ ಗಂಡಸನ್ನು ಮೂಸುವುದೂ ಇಲ್ಲ ಎಂದವನಲ್ಲವೇ! ಆದರೆ ಗಂಡನ ಮೀಸೆಯ ಕೆಳಗೆ ತುಟಿ ಅದುರುವುದನ್ನು ಕಂಡಾಗ ನಗು ಅಲ್ಲೇ ನಿಂತಿತು. ಮದುವೆಯಾದ ಮೇಲೆ ಅವನು ಹೆದರಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಎಲ್ಲಿ ಕಚ್ಚಿತು? ತೋರ್ಸಿ."

"ಅಲ್ಲಿ."

"ಅಲ್ಲಿ ಅಂದ್ರೆ ಎಲ್ಲಿ?"

"ಕೂರೋ ಕಡೆ ಕಣೇ! ಊರಿಗೆಲ್ಲ ಕೇಳಿಸ್ಬೇಕಾ?"

"ಪ್ಯಾಂಟು ಬಿಚ್ಚಿ, ನೋಡ್ತೀನಿ."

"ಬಿಚ್ಚಬಾರ್ದು! ಕಚ್ಚಿದಾಗ ಮೈಮೇಲಿದ್ದ ಬಟ್ಟೆಯನ್ನ ವಿಷ ಇಳಿಯೋ ತನಕ ತೆಗೀಬಾರ್ದು!"

ಈ ಶಾಸ್ತ್ರವನ್ನು ಯಾವ ಅಜ್ಜಿಯೂ ಹೇಳಿದ್ದಲ್ಲ. ಕೇಳುವವರಿಗೆ ಭಯಭಕ್ತಿ ಬರಲಿ ಎಂದು ಒರೋಂಜೊನೇ ಹಿಂದೊಮ್ಮೆ ಹುಟ್ಟಿಸಿದ್ದ. ಹುಟ್ಟಿಸಿ ಹುಟ್ಟಿಸಿ ಅವನೇ ಅದನ್ನು ನಂಬಿದ್ದ.

ಅಷ್ಟರಲ್ಲಿ ಬಾಗಿಲ ತುಂಬ ಜನ. ಎಲ್ಲರಿಗಿಂತ ಮುಂದೆ ಪಂತಲೇಯಾಳ ತಮ್ಮ ಪಿಪ್ಪಿ, ಹೆಗಲಲ್ಲಿ ಅಕಾರ್ಡಿಯನ್. ಮೇಳದ ಇನ್ನೊಬ್ಬ ವಾದಕ ಅವನೇ. ಕೈ ಚುರುಕು, ತಲೆ ಸ್ವಲ್ಪ ನಿಧಾನ.

"ಭಾವ, ಯಾರಿಗೋ ಕಚ್ಚಿದೆಯಂತೆ. ಪಿಟೀಲು ತಗೊಳ್ಳಿ, ಹೋಗೋಣ."

"ನನಗೇ ಕಣೋ ಕಚ್ಚಿದ್ದು!"

"ಅದೇ ಮತ್ತೆ! ನೀವಿಲ್ದೆ ಹೇಗಾಗುತ್ತೆ? ಬೇಗ ಹೊರಡಿ."

ಅವನಿಗೆ ತಿಳಿಯಹೇಳುವಷ್ಟರಲ್ಲಿ ಹೆಂಗಸರು ಮೇಜು ಬದಿಗೆ ಸರಿಸಿ, ದುಪ್ಪಟಿ ಹಾಸಿ, ಸಂತ ಪಾವ್ಲೊನ ಪಟವನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ನೆರೆಹೊರೆಯವರು ಗೋಡೆಗೆ ಬೆನ್ನು ಕೊಟ್ಟು ಸುತ್ತ ನಿಂತರು. ಒಂದು ಹುಬ್ಬಿನ ದೊನ್ ಎಲಿಜಿಯೊ ಬಾಗಿಲ ಬಳಿ ಜಾಗ ಹಿಡಿದರು. ಒರೋಂಜೊ ಬೂಟು ಕಳಚಿ ದುಪ್ಪಟಿಯ ಮೇಲೆ ಮಲಗಿದ. ರೋಗಿಗಳು ಅಂಗಾತ ಮಲಗುವುದು ಪದ್ಧತಿ. ಅವನು ಕಾರಣಾಂತರದಿಂದ ಬೋರಲು ಮಲಗಿದ.

ಮಲಗಿದವನು ಸುಮ್ಮನಿದ್ದನೇ? ತನ್ನ ಚಿಕಿತ್ಸೆಯ ಯಜಮಾನಿಕೆಯನ್ನು ತಾನೇ ವಹಿಸಿಕೊಂಡ! ಕಚ್ಚಿದ ಜೇಡಕ್ಕೆ ಹಿಡಿಸುವ ಬಣ್ಣ ಯಾವುದೆಂದು ತಿಳಿಯಲು ಒಬ್ಬಳು ಕೆಂಪು ರಿಬ್ಬನ್ ತೋರಿಸಿದರೆ, "ಅದು ಸಿಡುಕು ಜೇಡಕ್ಕೆ, ನನ್ನದು ಅಂಥದ್ದಲ್ಲ" ಎಂದ. ಹಸಿರು ತೋರಿಸಿದರೆ, "ಅದು ಅಳುಬುರುಕಿ ಜೇಡಕ್ಕೆ" ಎಂದ. ಪಿಪ್ಪಿ ಒಂದು ಮಟ್ಟು ಎತ್ತಿಕೊಂಡ.

"ನಿಧಾನ ಆಯ್ತು ಕಣೋ!"

ಪಿಪ್ಪಿ ಚುರುಕು ಮಾಡಿದ.

"ಅಷ್ಟು ಜೋರಾಗಿ ಬೇಡ! ನಾನೇನು ಕತ್ತೆನಾ ಓಡ್ಸೋಕೆ?"

"ಭಾವ, ರೋಗಿ ನೀವೋ ವೈದ್ಯರು ನೀವೋ? ಒಂದು ತೀರ್ಮಾನ ಮಾಡ್ಕೊಳ್ಳಿ!"

ಒಂದು ಮಟ್ಟು ಮುಗಿಯಿತು. ಎರಡು, ಮೂರು, ಏಳು, ಒಂಬತ್ತು. ಪಿಪ್ಪಿಗೆ ಗೊತ್ತಿದ್ದದ್ದು ಒಂಬತ್ತೇ. ಎಲ್ಲರ ಕಣ್ಣೂ ಒರೋಂಜೊನ ಹೆಬ್ಬೆರಳ ಮೇಲೆ. ಅದು ಕಲ್ಲಿನಂತೆ ಬಿದ್ದಿತ್ತು. ಅಂಗಳದ ಕಡೆಯಿಂದ ಯಾರೋ ಪಿಸುಗುಟ್ಟಿದರು, "ಚೆಸಾರಿಯಾಗೂ ಹೀಗೇ ಆಗಿತ್ತು." ಅದು ಒರೋಂಜೊನಿಗೆ ಕೇಳಿಸಿತು. ದುಪ್ಪಟಿಯಲ್ಲಿ ಮುಖ ಹುದುಗಿಸಿಕೊಂಡ. ಇನ್ನು ಅಪ್ಪಣೆ ಕೊಡಲು ಅವನ ಬಳಿ ಏನೂ ಉಳಿದಿರಲಿಲ್ಲ.

ಆಗ ಗೋಡೆಯ ಮೇಲೆ ಗಿಲಿಗಿಲಿ ಸದ್ದಾಯಿತು. ಒರೋಂಜೊ ತಲೆಯೆತ್ತಿದ. ಪಂತಲೇಯಾ ಮೊಳೆಯಿಂದ ದಮ್ಮಡಿ ಇಳಿಸಿ, ಸೆರಗಂಚಿನಲ್ಲಿ ಧೂಳು ಒರೆಸುತ್ತಿದ್ದಳು.

"ಬೇಡ ಕಣೇ! ಮೀಸೆ ಪಣ ಇಟ್ಟಿದ್ದೀನಿ!"

"ಮೀಸೆ ಬೇಕೋ, ಜೀವ ಬೇಕೋ?"

ಒರೋಂಜೊ ಯೋಚಿಸಿದ! ಹೌದು, ಯೋಚಿಸಿದ. ಊರೆಲ್ಲ ನೋಡಿದೆ.

ಅವನ ಯೋಚನೆ ಮುಗಿಯಲೆಂದು ಅವಳು ಕಾಯಲಿಲ್ಲ. ಅಂಗೈ ಚರ್ಮಕ್ಕೆ ಬಿತ್ತು. ಮೊದಲು ಮೆಲ್ಲಗೆ, ಹಿಟ್ಟು ಜರಡಿಗೆ ಸುರಿದ ಹಾಗೆ. ಆಮೇಲೆ ಹೆಬ್ಬೆರಳು, ಆಮೇಲೆ ಮುಷ್ಟಿಯ ಹಿಂಬದಿ, ಗಿಲಿಕೆಗಳೆಲ್ಲ ಒಟ್ಟಿಗೆ ಎದ್ದವು. ಪಿಪ್ಪಿ ಅವಳ ಹಿಂದೆಯೇ ಓಡಿದ. ಒರೋಂಜೊ ಕಿವಿ ನಿಮಿರಿಸಿದ. ಈ ಬಡಿತವನ್ನು ಎಲ್ಲಿ ಕೇಳಿದ್ದೇನೆ? ಎಷ್ಟು ವರ್ಷದಿಂದ ಕೇಳಿದ್ದೇನೆ? ಇದು ಶನಿವಾರದ ಜರಡಿ!

"ಹೆಬ್ಬೆರಳು! ಹೆಬ್ಬೆರಳು!" ಹೆಂಗಸರು ಕಿರುಚಿದರು.

ಹೆಬ್ಬೆರಳು ಅಲ್ಲಾಡಿತ್ತು. ಒರೋಂಜೊ ಅದನ್ನು ಹಿಡಿದು ನಿಲ್ಲಿಸಲು ನೋಡಿದ. ಹಾಗೆ ಹಿಡಿಯಲು ಎದ್ದು ಬಗ್ಗಿದ, ಬಗ್ಗಿದ್ದಕ್ಕೆ ಚುಚ್ಚಿತು, ಚುಚ್ಚಿದ್ದಕ್ಕೆ ನೆಗೆದ. ನೆಗೆದವನು ನೆಲಕ್ಕೆ ಬಂದದ್ದು ಸರಿಯಾಗಿ ತಾಳಕ್ಕೆ! ಜನ "ಸಂತ ಪಾವ್ಲೊ!" ಎಂದು ಕೂಗಿದರು. ಮೂವತ್ತೊಂದು ಹೆಂಗಸರಲ್ಲಿ ಒಬ್ಬಳೂ ಅಷ್ಟು ಎತ್ತರ ಹಾರಿರಲಿಲ್ಲ. "ನೋಡಿ, ನೋಡಿ, ವಿಷ ತಲೆಗೇರ್ತಿದೆ!" ಎಂದು ಒಬ್ಬರು, "ಇಲ್ಲ, ಕಾಲಿಗಿಳೀತಿದೆ!" ಎಂದು ಇನ್ನೊಬ್ಬರು ಗೋಡೆಯ ಬಳಿ ಜಗಳವನ್ನೇ ಹತ್ತಿಸಿಕೊಂಡರು.

ಅವನು ಕುಣಿದ. ಉದ್ದಕ್ಕೆ ಕುಣಿದ, ಅಡ್ಡಕ್ಕೆ ಕುಣಿದ, ಕುರ್ಚಿಯ ಮೇಲಿದ್ದ ಸಂತ ಪಾವ್ಲೊನ ಸುತ್ತ ಕುಣಿದ. ಅರ್ಧ ಗಂಟೆಯಾಗಿರಬಹುದು, ಪಂತಲೇಯಾ ಬಾರಿಸುತ್ತಲೇ ಎರಡು ಹೆಜ್ಜೆ ಮುಂದೆ ಬಂದು ದುಪ್ಪಟಿಯ ಅಂಚಿನ ಮೇಲೆ ಎಡಗಾಲೂರಿ ನಿಂತಳು. ಮತ್ತೆ ಅಲ್ಲಿಂದ ಕದಲಲಿಲ್ಲ. ಒರೋಂಜೊ ತಿರುಗುವಾಗೊಮ್ಮೆ ಅವಳ ಮುಖ ಕಣ್ಣಿಗೆ ಬೀಳುತ್ತಿತ್ತು. ಕೂದಲು ಬಿಚ್ಚಿ ಕೆನ್ನೆಗೆ ಅಂಟಿತ್ತು, ಅವಳು ನಗುತ್ತಿದ್ದಳು. ಗಂಡ ಸಾಯುತ್ತಾನೋ ಬದುಕುತ್ತಾನೋ ಎಂಬ ಹೊತ್ತಿನಲ್ಲಿ ನಗುವುದೇ? ಆದರೆ ಅವಳಿಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡಲು ಅವಳ ಎರಡೂ ಕೈಗಳಿಗೆ ಬಿಡುವಿರಲಿಲ್ಲ. ಒರೋಂಜೊನಿಗೂ ಯಾಕೋ ನಗು ಬಂತು. ಅಂಗಿಯ ತೋಳು ಮಡಚಿದ, ಇನ್ನೂ ಜೋರಾಗಿ ಕುಣಿದ.

ಇಗರ್ಜಿಯ ಸಂಜೆಯ ಗಂಟೆ ಹೊಡೆಯಿತು. ಅವನು ದಣಿದು ದೊಪ್ಪನೆ ಕೂತ. ಕೂತವನು ಕಣ್ಣು ಬಿಗಿಯಾಗಿ ಮುಚ್ಚಿ ಕಾದ. ಏನೂ ಚುಚ್ಚಲಿಲ್ಲ. ಎಡಕ್ಕೆ ವಾಲಿ ನೋಡಿದ, ಬಲಕ್ಕೆ ವಾಲಿ ನೋಡಿದ.

"ಕೂತಿದ್ದೀನಿ!" ಒರೋಂಜೊ ಅಳುತ್ತಾ ಕೂಗಿದ. "ನೋಡ್ರಪ್ಪಾ, ನಾನು ಕೂತಿದ್ದೀನಿ!"

ಸಿಂಹಾಸನವೇರಿದ ರಾಜನೂ ಕೂತದ್ದಕ್ಕೆ ಅಷ್ಟು ಹಿಗ್ಗಿರಲಾರ. ಹೆಂಗಸರು ಅತ್ತರು, ಪಿಪ್ಪಿ ಅಕಾರ್ಡಿಯನ್ ಮೇಲೆಯೇ ಒರಗಿ ಗೊರಕೆ ಹೊಡೆದ, ದೊನ್ ಎಲಿಜಿಯೊ ಪಂತಲೇಯಾಳ ತಲೆ ಮೇಲೆ ಕೈಯಿಟ್ಟು, "ವಿಂಚೆನ್ಸಾ ಎಲ್ಲೂ ಹೋಗಿಲ್ಲ ಮಗಳೇ" ಎಂದರು. ಹೋಗುವಾಗ ಒರೋಂಜೊನ ಕಡೆ ತಿರುಗಿ, ಉಳಿದ ಒಂದೇ ಹುಬ್ಬನ್ನು ಏರಿಸಿ, "ಮೀಸೆ ನಾಳೆ ಬೆಳಿಗ್ಗೆಯೋ, ಈಗಲೋ?" ಎಂದು ಕೇಳುವುದನ್ನೂ ಮರೆಯಲಿಲ್ಲ.

ಜನ ಕರಗಿದರು. ಗಂಡ ಹೆಂಡತಿ ಇಬ್ಬರೇ ಉಳಿದರು. ಪಂತಲೇಯಾ ಇನ್ನೂ ದುಪ್ಪಟಿಯ ಅಂಚಿನಲ್ಲೇ ನಿಂತಿದ್ದಳು.

"ಕೂತ್ಕೋ ಬಾರೇ, ಕಾಲು ನೋಯಲ್ವಾ?"

ಅವಳು ಎಡಗಾಲನ್ನು ಎತ್ತಿದಳು. ಬಗ್ಗಿ ಎರಡು ಬೆರಳಲ್ಲಿ ಏನನ್ನೋ ಹೆಕ್ಕಿ, ದೀಪದ ಬೆಳಕಿಗೆ ಹಿಡಿದಳು. ಅದರ ಬಾಲದಲ್ಲಿ ಗೇಣುದ್ದದ ಕಪ್ಪು ದಾರ ಇತ್ತು.

"ರೀ, ನಿಮ್ಮ ಜೇಡ ಸಿಕ್ತು."

ಒರೋಂಜೊ ಸೂಜಿ ನೋಡಿದ. ದಾರ ನೋಡಿದ. ತನ್ನ ಪ್ಯಾಂಟು ನೋಡಿಕೊಂಡ. ಕಲ್ಲುಗೋಡೆ, ಪಾದ್ರಿಗಳ ಹುಬ್ಬು, ಒಂಬತ್ತು ಮಟ್ಟು, ಎಲ್ಲವೂ ಸಾಲಾಗಿ ಕಣ್ಮುಂದೆ ಮೆರವಣಿಗೆ ಹೋದವು.

"ಊರಿಗೆ ಗೊತ್ತಾದ್ರೆ..." ಅವನು ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ.

"ಗೊತ್ತಾಗ್ಬಾರ್ದು ಅಂತಾನೇ ಅದರ ಮೇಲೆ ಕಾಲಿಟ್ಟು ನಿಂತಿದ್ದು."

"ನನ್ನ ಮಾನ ಉಳಿಸ್ದೆ ಕಣೇ." ಅವನು ನಿಟ್ಟುಸಿರು ಬಿಟ್ಟ. ಮರುಕ್ಷಣವೇ ಅವನೊಳಗಿನ ಪಂಡಿತ ಮತ್ತೆ ತಲೆಯೆತ್ತಿದ. "ಅಲ್ಲ, ಕುಣಿತ ಮುಗಿಯೋ ಹೊತ್ತಿಗೆ ಬಿದ್ದಿರಬೇಕು ಅಲ್ವಾ? ಅದಕ್ಕೇ ನಾನು ಸರಿಯಾಗಿ ಗಂಟೆ ಹೊಡೆಯೋವಾಗ ಕೂತೆ."

"ಇಲ್ಲಾರೀ. ಅದು ಬಿದ್ದಿದ್ದು ಮೊದಲ ಅರ್ಧ ಗಂಟೇಲೇ."

"ಸುಳ್ಳು!"

"ನಾನು ಆವಾಗಿಂದ ಎಡಗಾಲು ಎತ್ತದೆ ನಿಂತಿಲ್ವಾ?"

"ಹಾಗಾದ್ರೆ ಆಮೇಲೆ ಎರಡೂವರೆ ಗಂಟೆ ನಾನು ಯಾಕೆ ಕುಣಿದೆ?"

"ಅದನ್ನ ನೀವೇ ಹೇಳ್ಬೇಕು" ಎಂದು ಪಂತಲೇಯಾ ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿಕೊಂಡಳು.

ಒರೋಂಜೊ ಮೀಸೆ ತಿರುವಲು ಕೈ ಎತ್ತಿ ಹಾಗೇ ಇಳಿಸಿದ. ಜೀವಮಾನದಲ್ಲಿ ಮೊದಲ ಸಲ ಅವನ ಬಳಿ ಶಾಸ್ತ್ರವೇ ಇರಲಿಲ್ಲ.

ಮರುದಿನ ಅವನು ಮೀಸೆ ಬೋಳಿಸಿಕೊಂಡ. ಹಬ್ಬದ ಮೆರವಣಿಗೆಯಲ್ಲಿ ದೊನ್ ಎಲಿಜಿಯೊ ಇದ್ದಿಲಿನ ಹುಬ್ಬು ಬರೆದುಕೊಂಡು ನಡೆದರು. ಬೆವರಿಗೆ ಅದು ಕರಗಿ ಗಲ್ಲದವರೆಗೆ ಇಳಿದಾಗ ಜನ ನಗಬಾರದೆಂದು ಹಾಡನ್ನು ಜೋರಾಗಿ ಹಾಡಿದರು. ಆ ವಾರವೇ ಪಕ್ಕದ ಊರಿಂದ ಕರೆ ಬಂತು, "ಪಂತಲೇಯಾ ಅಕ್ಕ ಬರ್ಬೇಕಂತೆ, ಮೇಸ್ತ್ರಿಯೂ ಬಂದ್ರೆ ಬರ್ಲಿ." ಒರೋಂಜೊ ಪಿಟೀಲು ತೆಗೆದುಕೊಂಡು ಹಿಂದೆ ಹೋದ. ಅಲ್ಲಿಂದ ಚೆಸಾರಿಯಾಳ ಮನೆಗೂ ಪಂತಲೇಯಾಳೇ ಅವನನ್ನು ಕರೆದುಕೊಂಡು ಹೋದಳು. ಚೆಸಾರಿಯಾ ಎದ್ದು ಕುಣಿಯಲಿಲ್ಲ. ಆದರೆ ಗೋಡೆಯ ಕಡೆಯಿಂದ ಮುಖ ತಿರುಗಿಸಿ, ದಮ್ಮಡಿ ನಿಲ್ಲುವ ತನಕ ನೋಡುತ್ತಾ ಕೂತಿದ್ದಳು. ವಾಪಸು ಬರುವಾಗ ದಮ್ಮಡಿಯನ್ನು ಒರೋಂಜೊನೇ ಹೊತ್ತು ತಂದ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆಯಲ್ಲ! ಒಮ್ಮೆ ಕಚ್ಚಿಸಿಕೊಂಡವರಿಗೆ ಮರುವರ್ಷ ಅದೇ ದಿನ ವಿಷ ಮತ್ತೆ ಕೆರಳುತ್ತದೆ, ಮತ್ತೆ ಕುಣಿಯಬೇಕು. ಮೇ ತಿಂಗಳಿಂದಲೇ ಗಿರಾಕಿಗಳು ಕೇಳತೊಡಗಿದರು, "ಏನ್ ಮೇಸ್ತ್ರಿ, ಈ ಸಲ ಎಷ್ಟು ಗಂಟೆಗೆ?" ತಪ್ಪಿಸಿಕೊಳ್ಳಲು ದಾರಿ ಒಂದೇ, ಅದು ಸೂಜಿ ಎಂದು ನಿಜ ಹೇಳಿಬಿಡುವುದು. ಚಳಿಗಾಲವೆಲ್ಲ ಅವನು ಕನ್ನಡಿಯ ಮುಂದೆ ಆ ಮಾತನ್ನು ಅಭ್ಯಾಸ ಮಾಡಿದ್ದ.

ಜೂನ್ ಇಪ್ಪತ್ತಾರರ ಸಂಜೆ ಪಂತಲೇಯಾ ಅಂಗಳದಲ್ಲಿ ಹೊಗೆಸೊಪ್ಪು ಪೋಣಿಸುತ್ತಿದ್ದಳು. ಒರೋಂಜೊ ಬಂದು ನಿಂತ. ಕೂರಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಬೆನ್ನ ಹಿಂದೆ ಏನನ್ನೋ ಹಿಡಿದಿದ್ದ.

"ಏನ್ರೀ?"

"ಏನಿಲ್ಲ. ಈ ಕಪ್ಪು ಪ್ಯಾಂಟು... ಹೊಲಿಗೆ ಬಿಟ್ಟಿದೆ ಅನ್ಸುತ್ತೆ."

ಅವಳು ಪ್ಯಾಂಟನ್ನು ಒಳಹೊರಗೆ ಮಾಡಿ ನೋಡಿದಳು. ಹೊಲಿಗೆ ಗಟ್ಟಿಯಾಗಿಯೇ ಇತ್ತು, ಅವಳೇ ಹಾಕಿದ್ದಲ್ಲವೇ. ತಲೆಯೆತ್ತದೆ ಹಾಗೇ ಗಂಡನ ಪಾದದ ಕಡೆ ಕಣ್ಣು ಹಾಯಿಸಿದಳು. ಹೆಬ್ಬೆರಳು ಅಲ್ಲಾಡುತ್ತಿತ್ತು.

"ಎಲ್ಲೂ ಬಿಟ್ಟಿಲ್ವಲ್ಲ?"

"ಆದ್ರೂ ಇನ್ನೊಂದ್ಸಲ ಹಾಕಿಬಿಡು ಕಣೇ. ನಾಳೆ ಬೇಕಾಗುತ್ತೆ."

ಪಂತಲೇಯಾ ರವಿಕೆಯ ಅಂಚಿನಿಂದ ಸಣ್ಣ ಸೂಜಿ ತೆಗೆದು, ದಾರದ ತುದಿ ನೆನೆಸಿ ಪೋಣಿಸಿದಳು.

"ಆಗ್ಲಿ. ಈ ಸಲ ಸೂಜಿ ತೆಗೀಲೋ, ಒಳಗೇ ಬಿಡ್ಲೋ ರೀ?"